ಎಲ್‌ಕೆಜಿ ಮಗು ಬರೆಯುತ್ತಿಲ್ಲ, ಕ್ಲಾಸಲ್ಲಿ ಮಾತಾಡುತ್ತಿಲ್ಲ: ಯಾವಾಗ ಚಿಂತಿಸಬೇಕು?

ಪ್ರಶ್ನೆ: ನಮ್ಮದು ತುಮಕೂರು. ಮಗನಿಗೆ ಈಗ 4 ವರ್ಷ 5 ತಿಂಗಳು. ಮೇ ತಿಂಗಳ ಕೊನೆಯಲ್ಲಿ ಹುಟ್ಟಿದವನು. ಜೂನ್‌ನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ದೀಪಾವಳಿ ಆದಮೇಲೆ ಪೇರೆಂಟ್ಸ್ ಮೀಟಿಂಗ್ ಇತ್ತು. ಟೀಚರ್ ದೂರಿನ ಪಟ್ಟಿಯನ್ನೇ ಕೊಟ್ಟರು. ಎರಡು ಸಾಲು ಬರೆಯುವಷ್ಟರಲ್ಲಿ ಕೈನೋವು ಅಂತಾನಂತೆ. ಬಿ ಮತ್ತು ಡಿ ಅದಲು ಬದಲು, 3 ಉಲ್ಟಾ. ಕ್ಲಾಸಲ್ಲಿ ಬಾಯೇ ಬಿಡಲ್ಲ, ಒಂದು ಕಡೆ ಕೂರಲ್ಲ. "ಸ್ವಲ್ಪ ಸ್ಲೋ ಇದ್ದಾನೆ, ಟ್ಯೂಷನ್‌ಗೆ ಹಾಕಿ, ಮನೇಲಿ ಇಂಗ್ಲಿಷ್ ಮಾತಾಡಿ" ಅಂದರು. ಮನೆಯಲ್ಲಿ ಅವನು ಹಾಗಿಲ್ಲ. ರಾತ್ರಿ ಅಜ್ಜಿಗೆ ತಾನೇ ಕಥೆ ಕಟ್ಟಿ ಹೇಳ್ತಾನೆ. ಮೂರು ಚಕ್ರದ ಸೈಕಲ್ ಓಡಿಸ್ತಾನೆ, ಅಕ್ಕಪಕ್ಕದ ಮಕ್ಕಳ ಜೊತೆ ಆಡ್ತಾನೆ. ಆದರೆ ಪಕ್ಕದ ಮನೆ ಹುಡುಗಿ ಅದೇ ಕ್ಲಾಸಲ್ಲಿದ್ದು 100ರ ತನಕ ಬರೀತಾಳೆ. ನಮ್ಮತ್ತೆ, ಎಡಗೈಲಿ ಬರೆಯೋದನ್ನ ಬಿಡಿಸು, ಎಲ್ಲ ಸರಿಹೋಗುತ್ತೆ ಅಂತಾರೆ. ವಿಡಿಯೋ ನೋಡಿ ನೋಡಿ, ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವ ತೊಂದರೆ ಇರಬಹುದಾ ಅಂತ ನನಗೆ ಭಯ. ಎಲ್‌ಕೆಜಿಯನ್ನೇ ಇನ್ನೊಂದು ವರ್ಷ ಓದಿಸಬೇಕಾ?

ಉತ್ತರ: ನವೆಂಬರ್ ಬಂತೆಂದರೆ ನನ್ನ ಕ್ಲಿನಿಕ್‌ಗೆ ಇಂಥ ಅಮ್ಮಂದಿರು ಬರುವುದು ಜಾಸ್ತಿ. ಮೊದಲ ಪೇರೆಂಟ್ಸ್ ಮೀಟಿಂಗ್ ಮುಗಿದಿರುತ್ತದೆ, ಮನೆಯಲ್ಲಿ ನೆಮ್ಮದಿ ಹೋಗಿರುತ್ತದೆ. ನೀವು ಕೇಳಿರುವುದು ಐದಾರು ಪ್ರಶ್ನೆ. ಆದರೆ ಎಲ್ಲದರ ಒಳಗೂ ಇರುವ ಭಯ ಒಂದೇ ಅಲ್ವಾ: ನನ್ನ ಮಗು ಹಿಂದೆ ಬಿದ್ದಿದೆಯಾ?

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಟೀಚರ್ ಹೇಳಿದ ಮಾತಲ್ಲ, ಅಜ್ಜಿಗೆ ಕಥೆ ಕಟ್ಟಿ ಹೇಳುವ ವಿಷಯ. ನಾಲ್ಕು ವರ್ಷದ ಮಗು ಕಥೆ ಹೇಳಬೇಕೆಂದರೆ ಎಷ್ಟು ಕೆಲಸ ನಡೆಯಬೇಕು ನೋಡಿ. ಮೊದಲು ಏನಾಯ್ತು, ಆಮೇಲೆ ಏನಾಯ್ತು ಅನ್ನುವ ಕ್ರಮ ನೆನಪಿರಬೇಕು. ವಾಕ್ಯ ಕಟ್ಟಬೇಕು. ಅಜ್ಜಿಗೆ ಗೊತ್ತಿಲ್ಲದ್ದನ್ನು ಅಜ್ಜಿಗೆ ತಿಳಿಯುವ ಹಾಗೆ ಹೇಳಬೇಕು. ಬೇರೆಯವರ ತಲೆಯಲ್ಲಿ ಇರುವುದು ನನ್ನ ತಲೆಯಲ್ಲಿ ಇರುವುದಕ್ಕಿಂತ ಬೇರೆ ಅನ್ನುವ ತಿಳಿವಳಿಕೆ ಮಕ್ಕಳಿಗೆ ಬರುವುದೇ ಸುಮಾರು ನಾಲ್ಕರ ಹೊತ್ತಿಗೆ. ಜೊತೆ ಮಕ್ಕಳೊಂದಿಗೆ ಆಡುತ್ತಾನೆ, ಸೈಕಲ್ ತುಳಿಯುತ್ತಾನೆ. ಇಷ್ಟು ಓದಿದ ಮೇಲೆ "ಸ್ಲೋ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ವಿಷಯ ಮಾತ್ರ ಪರೀಕ್ಷೆ ಮಾಡಿಸಬೇಕು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಹುಟ್ಟಿದ ತಿಂಗಳ ಲೆಕ್ಕ. ನಿಮ್ಮ ಮಗ ಮೇ ಕೊನೆಯವನು, ಅಂದರೆ ಶಾಲೆ ಶುರುವಾಗುವ ಹೊತ್ತಿಗೆ ಆಗ ತಾನೇ ನಾಲ್ಕು ತುಂಬಿತ್ತು. ಅದೇ ಬೆಂಚಿನಲ್ಲಿ ಕೂತ ಜೂನ್ ತಿಂಗಳ ಮಗುವಿಗೆ ಆಗಲೇ ಐದು ಆಗಿಬರುತ್ತಿತ್ತು. ದೊಡ್ಡವರಲ್ಲಿ ಒಂದು ವರ್ಷದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ವರ್ಷದವನಿಗೆ ಅದು ಬದುಕಿದ ಆಯಸ್ಸಿನ ಕಾಲುಭಾಗ. ಪಕ್ಕದ ಮನೆ ಹುಡುಗಿ ಯಾವ ತಿಂಗಳಲ್ಲಿ ಹುಟ್ಟಿದವಳು ಅಂತ ಒಮ್ಮೆ ಕೇಳಿ ನೋಡಿ. ಕೆನಡಾ, ತೈವಾನ್ ಸೇರಿದಂತೆ ಹಲವು ದೇಶಗಳ ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ, ಅಂದರೆ ಗಮನದ ತೊಂದರೆ ಇದೆ ಅನ್ನುವ ಹಣೆಪಟ್ಟಿ ಬೀಳುವುದು ಜಾಸ್ತಿ. ಎಷ್ಟೋ ಸಲ ಆ ಮಕ್ಕಳಿಗೆ ಇರುವುದು ವಯಸ್ಸಿನ ಕೊರತೆ, ಬುದ್ಧಿಯದ್ದಲ್ಲ.

ಈಗ ಕೈನೋವಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಎಲ್‌ಕೆಜಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಅನ್ಯಾಯ ಆಗುತ್ತಿರುವುದು ಇಲ್ಲೇ.

ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತಗಿರುತ್ತವೆ, ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಾಲ್ಕು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಸುಮಾರು ಅರ್ಧದಷ್ಟು ಮಾತ್ರ ಕಾಣುತ್ತವೆ. ಕೊನೆಯದು ಕಾಣಿಸಿಕೊಳ್ಳುವುದು 9ರಿಂದ 12ನೇ ವರ್ಷದ ನಡುವೆ. ಇದನ್ನೇ ಹಿಡಿದುಕೊಂಡು "ಕೈಯಲ್ಲಿ ಮೂಳೆಯೇ ಇರಲ್ಲ, ಮಕ್ಕಳ ಕೈಲಿ ಬರೆಸಲೇಬೇಡಿ" ಅನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅದೂ ಪೂರ್ತಿ ಸರಿಯಲ್ಲ. ಮಗು ಗೀಚಬಹುದು, ಚಿತ್ರ ಬರೆಯಬಹುದು, ಬಣ್ಣ ಹಚ್ಚಬಹುದು. ಅದರಿಂದ ಕೈಗೆ ಒಳ್ಳೆಯದೇ. ನಿಜವಾದ ಅಡ್ಡಿ ಇರುವುದು ಬೆರಳಿನ ಪುಟ್ಟ ಸ್ನಾಯುಗಳ ಬಲದಲ್ಲಿ, ಮತ್ತು ಕಣ್ಣು ನೋಡಿದ್ದನ್ನು ಕೈ ಮಾಡುವ ಹೊಂದಾಣಿಕೆಯಲ್ಲಿ.

ಈ ಹೊಂದಾಣಿಕೆ ಒಂದು ಕ್ರಮದಲ್ಲೇ ಬರುತ್ತದೆ. ನೋಡಿಕೊಂಡು ಸೊನ್ನೆ ಬರೆಯುವುದು ಸುಮಾರು 3 ವರ್ಷಕ್ಕೆ. ಕೂಡುವ ಚಿಹ್ನೆ 4ಕ್ಕೆ. ಚೌಕ ನಾಲ್ಕೂವರೆಯ ಆಸುಪಾಸು. ತ್ರಿಕೋನ 5ಕ್ಕೆ. ಗಾಳಿಪಟದ ಆಕಾರ 6 ಅಥವಾ 7ಕ್ಕೆ. ತ್ರಿಕೋನ ಯಾಕೆ ತಡ? ಓರೆ ಗೆರೆ ಎಳೆಯುವುದು ಕಷ್ಟ, ಅದಕ್ಕೆ. ಇಂಗ್ಲಿಷ್‌ನ ಮೊದಲ ಅಕ್ಷರ 'ಎ' ತುಂಬಾ ಓರೆ ಗೆರೆಗಳೇ. ಕೆ, ಎಂ, ಎನ್, ಡಬ್ಲ್ಯು, ಝಡ್ ಎಲ್ಲದರಲ್ಲೂ ಅದೇ ಕಥೆ. ಅಂದರೆ 5 ವರ್ಷದ ಕೈ ಮಾಡುವ ಕೆಲಸವನ್ನು ನಾಲ್ಕು ತುಂಬಿದ ಕೈಯಿಂದ, ಅದೂ ನಾಲ್ಕು ಗೆರೆಯ ಪುಸ್ತಕದ ಕಿರಿದಾದ ಜಾಗದಲ್ಲಿ, ಸಾಲುಗಟ್ಟಲೆ ಮಾಡಿಸುತ್ತಿದ್ದೇವೆ. ಕೈ ನೋಯದೆ ಇನ್ನೇನಾಗುತ್ತದೆ?

ನಮ್ಮ ಒಂದನೇ ತರಗತಿಯ ಕನ್ನಡ ಕಲಿಕೆಯಲ್ಲಿ ಅ, ಆ, ಇ, ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುವ ಪದ್ಧತಿ ಇದೆಯಲ್ಲ, ಅದರ ಹಿಂದೆ ಒಳ್ಳೆಯ ತಿಳಿವಳಿಕೆ ಇದೆ. ಸುಲಭ ಆಕಾರದಿಂದ ಕಷ್ಟದ ಆಕಾರಕ್ಕೆ ಹೋಗುತ್ತಾರೆ. 'ರ' ಬಂದ ಕೈಗೆ 'ಗ' ದೂರವಿಲ್ಲ.

ಮಗ ಪೆನ್ಸಿಲ್ ಹಿಡಿಯುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಮುಷ್ಟಿ ಕಟ್ಟಿ ಹಿಡಿದು ಭುಜದಿಂದ ಎಳೆಯುತ್ತಾನಾ? ಅದು ಎರಡು ವರ್ಷದ ಹಿಡಿತ. ಮೂರು ಬೆರಳಲ್ಲಿ ಹಿಡಿದಿದ್ದಾನೆ, ಆದರೆ ಬೆರಳು ಆಡುತ್ತಿಲ್ಲ, ಇಡೀ ಕೈ ಸರಿಯುತ್ತಿದೆ ಅಂದರೆ ಅವನ ವಯಸ್ಸಿಗೆ ಸರಿಯಾಗೇ ಇದ್ದಾನೆ. ಕೈ ಪುಸ್ತಕದ ಮೇಲೆ ನಿಂತು ಬೆರಳು ಮಾತ್ರ ಆಡುವುದು ನಾಲ್ಕೂವರೆಯಿಂದ ಆರರ ನಡುವೆ ಬರುತ್ತದೆ. ಉಗುರಿನ ಕೆಳಗೆ ಬೆಳ್ಳಗಾಗುವಷ್ಟು ಒತ್ತುತ್ತಿದ್ದರೆ, ಹಿಂದಿನ ಹಾಳೆಗೂ ಅಚ್ಚು ಬಿದ್ದಿದ್ದರೆ, ಬೆರಳಲ್ಲಿ ಇನ್ನೂ ಬಲ ಸಾಲದು ಅಂತ ತಿಳಿಯಿರಿ. ಹೆಚ್ಚು ಬರೆಸಿದರೆ ಆ ಬಲ ಬರುವುದಿಲ್ಲ. ಇದು ಅವರೆಕಾಯಿ ಕಾಲ. ಕಾಯಿ ಬಿಡಿಸಲು ಅವನನ್ನೂ ಕೂರಿಸಿಕೊಳ್ಳಿ. ನೆನೆಸಿದ ಅವರೆಕಾಳು ಹಿತುಕಲು ಕೊಡಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಿ ಕಾಳನ್ನು ಸಿಪ್ಪೆಯಿಂದ ಹಾರಿಸುವುದು ಪೆನ್ಸಿಲ್ ಹಿಡಿತಕ್ಕೆ ಬೇಕಾದ ವ್ಯಾಯಾಮವೇ. ಒಂದು ಬಟ್ಟಲು ಸಾಕು. ಬಾಯಿಗೆ ಹಸಿ ಕಾಳು ಹಾಕದ ಹಾಗೆ ನೋಡಿಕೊಳ್ಳಿ. ಚಪಾತಿ ಹಿಟ್ಟು ನಾದುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ಅಂಗಿ ಗುಂಡಿ ತಾನೇ ಹಾಕಿಕೊಳ್ಳುವುದು, ಇವೆಲ್ಲ ಅದೇ ಕೆಲಸ ಮಾಡುತ್ತವೆ. ಗೀಚಲು ಉದ್ದ ಪೆನ್ಸಿಲ್ ಬದಲು ಮುರಿದ ಸೀಮೆಸುಣ್ಣದ ತುಂಡು ಕೊಡಿ. ತುಂಡು ಚಿಕ್ಕದಾದಾಗ ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳು ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ.

ಅಕ್ಷರ ಉಲ್ಟಾ ಬರೆಯುವುದು. ಈ ವಯಸ್ಸಿನಲ್ಲಿ ಇದು ಸಹಜ, 7ರವರೆಗೂ ಅಲ್ಲಲ್ಲಿ ಕಾಣುತ್ತದೆ. ಮಗುವಿಗೆ ಇಷ್ಟು ದಿನ ತಿಳಿದಿದ್ದೇನು? ಲೋಟ ಎಡಕ್ಕೆ ತಿರುಗಿದರೂ ಲೋಟವೇ, ಬಲಕ್ಕೆ ತಿರುಗಿದರೂ ಲೋಟವೇ. ದಿಕ್ಕು ಬದಲಾದರೆ ಹೆಸರೇ ಬದಲಾಗುವ ವಸ್ತು ಅಂತ ಮೊದಲು ಸಿಗುವುದು ಅಕ್ಷರವೇ. ಅದು ತಲೆಗೆ ಹೋಗಲು ಕಾಲ ಬೇಕು. ಡಿಸ್ಲೆಕ್ಸಿಯಾ ಇದೆ ಅಂತ ನಾಲ್ಕು ವರ್ಷಕ್ಕೆ ಯಾರೂ ಹೇಳಲಾಗದು. ಓದು ಕಲಿಸಿ ಒಂದೆರಡು ವರ್ಷ ಆಗಬೇಕು. ಯಾರಾದರೂ ಈಗಲೇ ಟೆಸ್ಟ್ ಮಾಡಿ ಹೇಳುತ್ತೇವೆ ಅಂದರೆ ದುಡ್ಡು ಕೊಡಬೇಡಿ. ಮಾತು ತುಂಬಾ ತಡವಾಗಿ ಬಂದಿದ್ದರೆ, ಪ್ರಾಸದ ಪದ್ಯಗಳು ಎಷ್ಟು ಹೇಳಿಕೊಟ್ಟರೂ ಹಿಡಿಯದಿದ್ದರೆ, ಮನೆಯಲ್ಲಿ ಯಾರಿಗಾದರೂ ಓದಿನ ತೊಂದರೆ ಇದ್ದಿದ್ದರೆ ಮುಂದೆ ಒಂದು ಕಣ್ಣಿಟ್ಟಿರಬೇಕು, ಅಷ್ಟೇ.

ಕ್ಲಾಸಲ್ಲಿ ಬಾಯಿ ಬಿಡುವುದಿಲ್ಲ ಅನ್ನುವ ದೂರು ನನಗೆ ತುಂಬಾ ಕೇಳಿಬರುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇದ್ದಾಗ ಹಲವು ಮಕ್ಕಳು ಮೊದಲ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಸುಮ್ನೆ ಇದ್ದುಬಿಡುತ್ತಾರೆ. ಸುಮ್ಮನಿರುವಾಗ ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಎಷ್ಟೋ ಮಕ್ಕಳು ಕ್ಲಾಸಲ್ಲಿ ಒಂದು ಪದ ಆಡದೆ, ಮನೆಗೆ ಬಂದು ಗೊಂಬೆಗಳನ್ನು ಸಾಲಾಗಿ ಕೂರಿಸಿ ಟೀಚರ್ ಥರಾನೇ "ಸಿಟ್ ಡೌನ್, ಫಿಂಗರ್ ಆನ್ ಯುವರ್ ಲಿಪ್ಸ್" ಅನ್ನುತ್ತಾರೆ. ನಿಮ್ಮ ಮಗ ಹೀಗೆ ಮಾಡುತ್ತಾನಾ ಗಮನಿಸಿ. ಮಾಡಿದರೆ ಭಾಷೆ ಒಳಗೆ ಇಳಿಯುತ್ತಿದೆ ಅಂತಲೇ ಅರ್ಥ.

ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಅನ್ನುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಅನ್ನುವುದು ನಿಜವಲ್ಲ. ಕನ್ನಡದಲ್ಲಿ "ಯಾಕಂದ್ರೆ", "ಆದ್ರೂ", "ಅದಕ್ಕೆ ಮುಂಚೆ" ಅಂತ ಬಳಸಲು ಬಂದ ಮಗುವಿಗೆ ಅದರ ಹಿಂದಿನ ಯೋಚನೆ ಬಂದಿರುತ್ತದೆ. ಇಂಗ್ಲಿಷ್‌ನಲ್ಲಿ ಅದಕ್ಕೆ ಪದ ಹುಡುಕಿಕೊಳ್ಳುವುದು ಮಾತ್ರ ಬಾಕಿ. ನೀವು ಕನ್ನಡ ನಿಲ್ಲಿಸಿದರೆ ಆಗುವುದೇನು? ಕಥೆ ನಿಲ್ಲುತ್ತದೆ. "ಕಮ್, ಈಟ್, ಗೋ, ಸ್ಲೀಪ್" ಅನ್ನುವ ನಾಲ್ಕು ಪದದಲ್ಲಿ ಮನೆ ನಡೆಯುತ್ತದೆ. ಅಜ್ಜಿಯ ಜೊತೆಗಿನ ಮಾತು ಕಡಿಮೆಯಾದರೆ ಆಗುವ ನಷ್ಟ ತುಂಬಾ ದೊಡ್ಡದು.

ಒಂದು ಕಡೆ ಕೂರುವುದಿಲ್ಲ ಅಂದರಲ್ಲ, ಎಷ್ಟು ಹೊತ್ತು ಅಂತ ಟೀಚರ್‌ಗೆ ಕೇಳಿ. ದೊಡ್ಡವರು ಹೇಳಿದ ಕೆಲಸದಲ್ಲಿ ನಾಲ್ಕು ವರ್ಷದವರು ಹತ್ತು ನಿಮಿಷ ಗಮನ ಇಟ್ಟರೆ ಚೆನ್ನಾಗಿಯೇ ಇಟ್ಟಂತೆ. ನಲವತ್ತು ನಿಮಿಷದ ಪೀರಿಯಡ್ ಅವರಿಗಾಗಿ ಮಾಡಿದ್ದಲ್ಲ. ಹಾಗಂತ ಮನೆಯ ಪಾಲೂ ಇದೆ. 3–4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, 3 ಗಂಟೆ ಓಡಾಟ ಮತ್ತು ಆಟ ಬೇಕು, ಮೊಬೈಲ್–ಟಿವಿ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತುವ ಮಗು ಕ್ಲಾಸಲ್ಲಿ ಚಡಪಡಿಸಿದರೆ ಅದರ ಕಾರಣ ಕ್ಲಾಸಲ್ಲಿ ಸಿಗುವುದಿಲ್ಲ. ರಕ್ತಹೀನತೆಯನ್ನೂ ಮರೆಯಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 67 ಮಂದಿಗೆ ರಕ್ತ ಕಡಿಮೆ ಇತ್ತು. ಕಬ್ಬಿಣದಂಶ ಕಮ್ಮಿಯಾದರೆ ಮಗು ಬೇಗ ದಣಿಯುತ್ತದೆ, ಕಿರಿಕಿರಿ ಮಾಡುತ್ತದೆ, ಗಮನವೂ ನಿಲ್ಲುವುದಿಲ್ಲ. ಒಂದು ಸಣ್ಣ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಇನ್ನು 100ರ ತನಕ ಬರೆಯುವ ಹುಡುಗಿ. ಅವಳನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅಂಕಿ ಬರೆಯುವುದೇ ಬೇರೆ, ಎಣಿಕೆ ತಿಳಿಯುವುದೇ ಬೇರೆ. ತಟ್ಟೆಯಲ್ಲಿ ಒಂದು ಹಿಡಿ ಕಡಲೆಬೀಜ ಹಾಕಿ ನಿಮ್ಮ ಮಗನ ಮುಂದಿಡಿ. "ನಂಗೆ ಐದು ಕೊಡು ಪುಟ್ಟಾ" ಅನ್ನಿ. 50ರ ತನಕ ಗಿಣಿಪಾಠ ಒಪ್ಪಿಸುವ ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಟ್ಟುಬಿಡುತ್ತಾರೆ. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಸುಮಾರು ನಾಲ್ಕರ ಹೊತ್ತಿಗೆ ಮನಸ್ಸಿಗೆ ಬರುತ್ತದೆ. ಅವನು ಎಣಿಸಿ ಐದು ಕೊಟ್ಟರೆ ಗಣಿತಕ್ಕೆ ಬೇಕಾದ ಬುನಾದಿ ಬಿದ್ದಿದೆ. ಕೊಡದಿದ್ದರೂ ಗಾಬರಿ ಬೇಡ. ಮೂರರಿಂದ ಶುರು ಮಾಡಿ. ಊಟಕ್ಕೆ ತಟ್ಟೆ ಹಾಕುವಾಗ, ಮೆಟ್ಟಿಲು ಹತ್ತುವಾಗ ಎಣಿಸಿ. ಇದೇ ವಯಸ್ಸಿನಲ್ಲಿ ಅಗಲ ಬಟ್ಟಲಿನ ನೀರನ್ನು ಎದುರಿಗೇ ಉದ್ದ ಲೋಟಕ್ಕೆ ಸುರಿದರೂ "ಇದರಲ್ಲೇ ಜಾಸ್ತಿ" ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಇದನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಆರೇಳು ವರ್ಷವಾಗುವ ಹೊತ್ತಿಗೆ ಅದು ಸರಿಹೋಗುತ್ತದೆ. ಅಲ್ಲಿಯ ತನಕ ಗದರಿಸಿ ಪ್ರಯೋಜನವಿಲ್ಲ.

ಎಡಗೈ ಬಗ್ಗೆ ಒಂದೇ ಮಾತು: ಬದಲಾಯಿಸಬೇಡಿ. ಅದು ಮಿದುಳು ಆರಿಸಿಕೊಂಡ ಕೈ. ಬಲವಂತ ಮಾಡಿದರೆ ಬರವಣಿಗೆ ಇನ್ನೂ ಕಷ್ಟ, ಮನಸ್ಸಿಗೂ ಹಿಂಸೆ. ಅತ್ತೆಯವರಿಗೆ ಪ್ರಸಾದ, ಊಟದ ವಿಷಯದಲ್ಲಿ ಬೇಸರವಿದ್ದರೆ ಅದಷ್ಟನ್ನು ಬಲಗೈಯಲ್ಲಿ ಮಾಡಲು ಪ್ರೀತಿಯಿಂದ ಹೇಳಿಕೊಡಿ, ಪೆನ್ಸಿಲ್ ಎಡಗೈಯಲ್ಲೇ ಇರಲಿ. ಪುಸ್ತಕವನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿಟ್ಟರೆ, ಬೆಂಚಿನಲ್ಲಿ ಎಡತುದಿಯ ಜಾಗ ಕೊಟ್ಟರೆ ಅವನಿಗೆ ಅರ್ಧ ಕಷ್ಟ ಕಡಿಮೆ.

ಈಗ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಟೀಚರ್ ಜೊತೆ ಒಬ್ಬಳೇ ಹೋಗಿ ಕೂತು ಮಾತಾಡುತ್ತಿದ್ದೆ. ಜಗಳಕ್ಕೆ ಹೋಗಬೇಡಿ. ಒಬ್ಬ ಟೀಚರ್ ಕೈಗೆ ಮೂವತ್ತು ನಲವತ್ತು ಮಕ್ಕಳನ್ನು ಕೊಟ್ಟು, ನೋಟ್‌ಬುಕ್ ತುಂಬಿರಬೇಕು ಅಂತ ಮ್ಯಾನೇಜ್‌ಮೆಂಟೂ ಪೋಷಕರೂ ಒತ್ತಡ ಹಾಕಿದರೆ ಅವರಾದರೂ ಏನು ಮಾಡುತ್ತಾರೆ? ಎರಡು ಸಾಲಿನ ಬದಲು ನಾಲ್ಕು ಅಕ್ಷರ ದೊಡ್ಡದಾಗಿ ಬರೆದರೆ ಸಾಕಾ, ಮಾತಿನ ಬದಲು ಬೆರಳು ತೋರಿಸಿ ಉತ್ತರ ಕೊಟ್ಟರೆ ಒಪ್ಪುತ್ತೀರಾ, ಬಾತ್‌ರೂಮ್‌ಗೆ ಕನ್ನಡದಲ್ಲೇ ಕೇಳಬಹುದಾ, ಇಷ್ಟು ಕೇಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತವಾಗಿ ನೋಡಿ, ಆಟದ ಮೂಲಕ ಕಲಿಸಿ ಅನ್ನುತ್ತದೆ. ಎಷ್ಟೋ ಟೀಚರ್‌ಗಳಿಗೂ ಇದೇ ಇಷ್ಟ, ಪೋಷಕರು ಒಪ್ಪುವುದಿಲ್ಲ ಅನ್ನುವ ಅಂಜಿಕೆ.

ಟ್ಯೂಷನ್ ಬೇಡವೇ ಬೇಡ. ನೋಯುತ್ತಿರುವ ಕೈಗೆ ಸಂಜೆ ಇನ್ನೂ ಒಂದು ಗಂಟೆ ಅದೇ ಕೆಲಸ. ಆಟದ ಹೊತ್ತೂ ಹೋಗುತ್ತದೆ. ನೋಟ್‌ಬುಕ್ ಕಂಡರೆ ಅಳುವ ಯುಕೆಜಿ ಮಕ್ಕಳಲ್ಲಿ ಬಹುಪಾಲು ಹೀಗೆ ಟ್ಯೂಷನ್‌ನಿಂದ ಬಂದವರೇ ಅನ್ನುವುದು ನನ್ನ ಅನುಭವ.

ಎಲ್‌ಕೆಜಿ ಇನ್ನೊಮ್ಮೆ ಓದಿಸುವುದನ್ನು ಈಗ ನಿರ್ಧರಿಸಬೇಡಿ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮವಿದೆ. 2025–26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ಮಗ ಸರಿಯಾಗಿ ಆರು ವರ್ಷದ ಆ ಗೆರೆಯ ಮೇಲೇ ಇದ್ದಾನೆ, ಈಗಿನ ಲೆಕ್ಕದಲ್ಲೇ ಹೋದರೂ ಒಂದನೇ ತರಗತಿಗೆ ಆರು ತುಂಬಿರುತ್ತದೆ. ಇನ್ನೊಂದು ವರ್ಷ ನಿಲ್ಲಿಸಿದರೆ ಕ್ಲಾಸಿನ ಎಲ್ಲರಿಗಿಂತ ಚಿಕ್ಕವನಾಗುವುದು ತಪ್ಪುತ್ತದೆ, ಅದು ಲಾಭ. ಗೆಳೆಯರು ಮುಂದೆ ಹೋಗಿ ತಾನು ಉಳಿದೆ ಅನ್ನುವುದು ಅವನಿಗೆ ಗೊತ್ತಾಗುತ್ತದೆ, ಫೀಸೂ ಮತ್ತೊಂದು ವರ್ಷದ್ದು. ಬರವಣಿಗೆ ಒಂದೇ ಕಾರಣಕ್ಕೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬೇಸಿಗೆ ಹೊತ್ತಿಗೂ ಶಾಲೆಗೆ ಹೋಗಲು ದಿನಾ ಅಳುತ್ತಿದ್ದರೆ, ಹೇಳಿದ್ದೇ ಅರ್ಥವಾಗುತ್ತಿಲ್ಲ ಅನ್ನಿಸಿದರೆ ಆಗ ಯೋಚಿಸಬಹುದು. ಹೊಡೆಯುವ, "ದಡ್ಡ" ಅಂತ ಕರೆಯುವ ಶಾಲೆಯಾದರೆ ಮಾತ್ರ ಕಾಯಬೇಡಿ, ಶಾಲೆಯನ್ನೇ ಬದಲಾಯಿಸಿ.

ಪರೀಕ್ಷೆ ಮಾಡಿಸಬೇಕಾದ ಎರಡು ವಿಷಯ: ಕಣ್ಣು ಮತ್ತು ಕಿವಿ. ಒಂದು ಕಣ್ಣು ಮಂಜಾಗಿದ್ದರೂ ಮಗು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಚಿಕ್ಕಂದಿನಲ್ಲೇ ಪತ್ತೆಯಾದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಪದೇ ಪದೇ ನೆಗಡಿ ಆಗುವ ಮಕ್ಕಳಿಗೆ ಕಿವಿಯ ಒಳಗೆ ನೀರು ತುಂಬಿ ಕೇಳಿಸುವುದು ಕಮ್ಮಿಯಾಗಿರಬಹುದು. ಹತ್ತಿರದಲ್ಲಿ ಅಜ್ಜಿಯ ಮಾತು ಕೇಳುತ್ತದೆ, ಗದ್ದಲದ ಕ್ಲಾಸಲ್ಲಿ ಟೀಚರ್ ಮಾತು ಕೇಳುವುದಿಲ್ಲ. ಅಂಥ ಮಗುವಿಗೂ "ಗಮನವಿಲ್ಲ" ಅನ್ನುವ ಹೆಸರು ಬರುತ್ತದೆ.

ಯಾವ ಲಕ್ಷಣ ಕಂಡರೆ ನಾನು ಕಾಯುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಹೊರಗಿನವರಿಗೆ ಮಗುವಿನ ಮಾತು ಅರ್ಧಕ್ಕರ್ಧ ಅರ್ಥವಾಗದಿದ್ದರೆ. ಹೆಸರು ಕರೆದರೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ. ಬೇರೆ ಮಕ್ಕಳ ಕಡೆ ಆಸೆಯೇ ಇಲ್ಲದಿದ್ದರೆ, ಸುಳ್ಳು ಅಡುಗೆ, ಡಾಕ್ಟರ್ ಆಟದಂಥ ನಟನೆಯ ಆಟವನ್ನೇ ಆಡದಿದ್ದರೆ. ಮೆಟ್ಟಿಲು ಹತ್ತುವಾಗ ಪದೇ ಪದೇ ಬೀಳುತ್ತಿದ್ದರೆ. ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನೆ ಬರುತ್ತಿದ್ದ ಮಾತು ಅಥವಾ ಕೆಲಸ ಇವತ್ತು ಮಾಯವಾಗಿದ್ದರೆ. ನಿಮ್ಮ ಮಗನಲ್ಲಿ ಇವು ಯಾವುವೂ ಇದ್ದಂತಿಲ್ಲ. ಹೊಸ ಭಾಷೆಗೆ ಹೊಂದಿಕೊಳ್ಳುವ ಕಾಲ ಮುಗಿದ ಮೇಲೂ, ಅಂದರೆ ಎಲ್‌ಕೆಜಿ ಮುಗಿಯುವ ಹೊತ್ತಿಗೂ, ಶಾಲೆಯಲ್ಲಿ ಕನ್ನಡದಲ್ಲೂ ಯಾರೊಂದಿಗೂ ಮಾತಾಡದಿದ್ದರೆ ಆಗ ಒಬ್ಬ ತಜ್ಞರಿಗೆ ತೋರಿಸಿ.

ತಪಾಸಣೆಗೆ ದೊಡ್ಡ ಖರ್ಚು ಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡಲೆಂದೇ ಕೇಂದ್ರಗಳಿವೆ, ಸಂಕ್ಷೇಪವಾಗಿ ಡಿಇಐಸಿ ಅನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಮಾತು, ಶ್ರವಣದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಡವಳಿಕೆ ಮತ್ತು ಗಮನದ ವಿಷಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೋಗುವಾಗ ತಾಯಿ ಕಾರ್ಡ್, ಶಾಲೆಯ ನೋಟ್‌ಬುಕ್, ಮನೆಯಲ್ಲಿ ಅವನು ಕಥೆ ಹೇಳುತ್ತಿರುವ ಎರಡು ನಿಮಿಷದ ವಿಡಿಯೋ ಇಟ್ಟುಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಡಾಕ್ಟರ ಮುಂದೆ ಮಾತಾಡದಿದ್ದರೂ ಆ ವಿಡಿಯೋ ನೋಡಿದರೆ ಅವರಿಗೆ ಬೇಕಾದ್ದು ಸಿಗುತ್ತದೆ.